ಅಳತೆ ಸರಿ ಇರಬೇಕು: ಆರನೇ ತರಗತಿಯ ಒಬ್ಬ ಹುಡುಗನ ಪ್ರಕರಣ

ಅವನಿಗೆ 11 ವರ್ಷ. ದಾವಣಗೆರೆ ಹಳೇ ಊರಿನ ಒಂದು ಶಾಲೆಯಲ್ಲಿ ಆರನೇ ತರಗತಿ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅಮ್ಮ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ. ಅಜ್ಜಿ ಸಂಜೆ ತಳ್ಳುಗಾಡಿಯಲ್ಲಿ ಮಂಡಕ್ಕಿ ಮಾರುತ್ತಾರೆ. ಹೆಸರು, ಶಾಲೆ, ಬೀದಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವನು ಬರೀ 'ಹುಡುಗ'.

2024ರ ಜುಲೈನಲ್ಲಿ ಶಾಲೆಯವರು ಅವನನ್ನು ನನ್ನ ಹತ್ತಿರ ಕಳಿಸಿದರು. ನಾನು ಮಕ್ಕಳ ಆಪ್ತ ಸಮಾಲೋಚಕಿ. ಜೊತೆಗೆ ಒಂದು ಪುಟದ ದೂರು ಬಂದಿತ್ತು. ಹೊಡೆಯುತ್ತಾನೆ. ಕೆಟ್ಟ ಮಾತು ಬೈಯುತ್ತಾನೆ. ಎದುರು ಮಾತಾಡುತ್ತಾನೆ. ಒಬ್ಬ ಹುಡುಗನ ಕಂಪಾಸ್ ಬಾಕ್ಸ್ ಎತ್ತಿ ಒಗೆದು ಮುರಿದಿದ್ದಾನೆ. ಕೊನೆಯ ಸಾಲು: 'ಹೀಗೇ ಮುಂದುವರಿದರೆ ಟಿಸಿ ಕೊಡಬೇಕಾಗುತ್ತದೆ.'

ಅವನ ಅಮ್ಮ ಸೆರಗಿನ ತುದಿ ಹಿಡಿದುಕೊಂಡೇ ಮಾತಾಡಿದರು. "ಮನೇಲಿ ಹಿಂಗಿಲ್ರಿ ಮೇಡಂ. ಗಾಡಿ ಹತ್ರ ಅವನೊಬ್ಬನ್ನೇ ಬಿಟ್ಟು ಅವರಜ್ಜಿ ಮನೆಗೆ ಬಂದು ಹೋಗ್ತಾರೆ. ರೊಕ್ಕದ ಲೆಕ್ಕ ಒಂದು ರೂಪಾಯಿ ತಪ್ಪಲ್ಲ. ಶಾಲೇಲಿ ಯಾಕೆ ಹಿಂಗ್ ಮಾಡ್ತಾನೋ ಗೊತ್ತಾಗ್ತಿಲ್ರಿ."

ಆ ಮಾತನ್ನು ನಾನು ಬರೆದುಕೊಂಡೆ. ಅದರಲ್ಲೇ ಎಲ್ಲ ಇತ್ತು. ಆದರೆ ಮೂರು ವಾರ ಅದರ ಕಡೆ ತಿರುಗಿ ನೋಡಲಿಲ್ಲ.

ಮೊದಲು ದೇಹದ ಕಡೆ ನೋಡಿದೆವು. ಕಣ್ಣು, ಕಿವಿ, ನಿದ್ದೆ, ಊಟ. ಖಾಲಿ ಹೊಟ್ಟೆಯಲ್ಲಿ ಬರುವ ಮಗು ಹನ್ನೊಂದು ಗಂಟೆಗೆ ಜಗಳ ತೆಗೆದರೆ ಅದಕ್ಕೆ ಮೊದಲು ಬೇಕಾದ್ದು ತಿಂಡಿ. ಇವನಿಗೆ ಆ ತೊಂದರೆ ಇರಲಿಲ್ಲ. ಮನೋವೈದ್ಯರೂ ನೋಡಿದರು. ಗಮನ ನಿಲ್ಲದ, ಸುಮ್ಮನೆ ಕೂರಲಾಗದ ಎಡಿಎಚ್‌ಡಿ ಎಂಬ ತೊಂದರೆ ಅನ್ನುವಷ್ಟು ಚಂಚಲತೆ ಕಾಣಲಿಲ್ಲ. ಹಟ, ಸಿಟ್ಟು, ಎದುರುವಾದ ಜಾಸ್ತಿ ಇರುವ ಒಡಿಡಿ ಎಂಬ ತೊಂದರೆ ಇರಬಹುದಾ ಎಂದೂ ಪರೀಕ್ಷಿಸಿದರು. ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಪ್ರಕಾರ ಅದಕ್ಕೆ ಎಂಟು ಲಕ್ಷಣಗಳಲ್ಲಿ ಕನಿಷ್ಠ ನಾಲ್ಕು ಕಾಣಬೇಕು, ಅದೂ ಕನಿಷ್ಠ ಆರು ತಿಂಗಳು. ಇವನಲ್ಲಿ ಅಷ್ಟು ಇರಲಿಲ್ಲ, ಇದ್ದದ್ದೂ ಶಾಲೆಯಲ್ಲಿ ಮಾತ್ರ. ವೈದ್ಯರು ಯಾವ ಕಾಯಿಲೆಯ ಹೆಸರನ್ನೂ ಬರೆಯಲಿಲ್ಲ. "ಓದೋದು ಹೇಗಿದೆ ಅಂತ ಒಮ್ಮೆ ನೋಡಿ" ಎಂದಷ್ಟೇ ಹೇಳಿ ಕಳಿಸಿದರು. ಆ ಮಾತಿಗೂ ನಾನು ತಡವಾಗಿಯೇ ಕಿವಿ ಕೊಟ್ಟೆ.

ಹರಿದುಹೋದ ಚಾರ್ಟ್

ಶಾಲೆಯಲ್ಲಿ ಆಗಲೇ ಒಂದು ಸ್ಟಾರ್ ಚಾರ್ಟ್ ಮಾಡಿದ್ದರು. ಮೂರು ಗುರಿ. ಹೊಡೆಯಬಾರದು. ಕೆಟ್ಟ ಮಾತು ಆಡಬಾರದು. ಎದುರು ಮಾತಾಡಬಾರದು. ದಿನಕ್ಕೆ ಮೂರು ಸ್ಟಾರ್, ತಿಂಗಳ ಕೊನೆಗೆ ಒಂದು ಕ್ರಿಕೆಟ್ ಬಾಲ್. ಸರಿ, ಮುಂದುವರಿಸಿ ಎಂದು ನಾನೂ ಹೇಳಿದೆ. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಹುಡುಗ ಚಾರ್ಟನ್ನು ಗೋಡೆಯಿಂದ ಕಿತ್ತು ನಾಲ್ಕು ಚೂರು ಮಾಡಿದ.

ಹಿಂದಿನ ಬೆಂಚಿನವನು ಇವನ ಚೀಲದ ಮೇಲೆ ನೀರು ಚೆಲ್ಲಿದ್ದ. ಇವನು ಕೂಗಾಡಿದ. ಮೇಷ್ಟ್ರಿಗೆ ಕೇಳಿಸಿದ್ದು ಇವನ ಕೂಗು ಮಾತ್ರ. ಸ್ಟಾರ್ ಇವನದ್ದೇ ಹೋಯಿತು.

ಚೂರುಗಳನ್ನು ಮುಂದಿಟ್ಟುಕೊಂಡು ಕೂತಾಗ ಆಗ್ಡನ್ ಲಿಂಡ್ಸ್ಲಿ ಎಂಬ ಅಮೆರಿಕದ ಮನೋವಿಜ್ಞಾನಿ ಹೇಳಿದ ಒಂದು ಪರೀಕ್ಷೆ ನೆನಪಾಯಿತು. ಒಂದು ಹೆಣವೂ ಮಾಡಬಲ್ಲದ್ದಾದರೆ ಅದು ವರ್ತನೆಯೇ ಅಲ್ಲ, ಅದನ್ನು ಗುರಿಯಾಗಿ ಇಡಬೇಡಿ ಎನ್ನುವ ಪರೀಕ್ಷೆ. ಹೆಣ ಹೊಡೆಯುವುದಿಲ್ಲ. ಕೆಟ್ಟ ಮಾತು ಆಡುವುದಿಲ್ಲ. ಎದುರು ಮಾತಾಡುವುದಿಲ್ಲ. ನಾವು ಕೊಟ್ಟ ಮೂರು ಗುರಿಯೂ ಆ ಪರೀಕ್ಷೆಯಲ್ಲಿ ಬಿದ್ದುಹೋದವು. ಹುಡುಗ ಏನು ಮಾಡಬಾರದು ಎಂದು ಬರೆದಿದ್ದೆವು. ಏನು ಮಾಡಬೇಕು ಎನ್ನುವುದು ಎಲ್ಲೂ ಇರಲಿಲ್ಲ. ಯಾಕೆ ಮಾಡಬೇಕು ಎನ್ನುವುದಕ್ಕೆ ಇದ್ದ ಉತ್ತರ ಒಂದೇ, ಒಂದು ಬಾಲ್.

ಬಹುಮಾನ ಕೊಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಚಿಕ್ಕ ಮಕ್ಕಳಿಗೆ, ಹೊಸ ಅಭ್ಯಾಸ ಶುರು ಮಾಡುವಾಗ, ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಗುರಿ ದೊಡ್ಡವರದ್ದು, ಬಹುಮಾನ ದೊಡ್ಡವರದ್ದು, ತೀರ್ಪೂ ದೊಡ್ಡವರದ್ದೇ ಆದರೆ ಮಗುವಿನದ್ದು ಅಂತ ಅದರಲ್ಲಿ ಏನು ಉಳಿಯಿತು?

ಸಿಟ್ಟಿನ ಒಳಗೆ

ನಾನು ಆಮೇಲೆ ಹಿಡಿದ ದಾರಿ ಅಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿಯದು. ಮನಸ್ಸಿಗೆ ಬಂದದ್ದನ್ನು ಒಪ್ಪಿಕೊಂಡು, ತನಗೆ ಮುಖ್ಯವಾದದ್ದರ ಕಡೆ ಹೆಜ್ಜೆ ಇಡುವುದನ್ನು ಕಲಿಸುವ ಚಿಕಿತ್ಸೆ ಅದು. ಅಮೆರಿಕದ ಮನೋವಿಜ್ಞಾನಿ ಸ್ಟೀವನ್ ಹೇಯ್ಸ್ ಮತ್ತು ಅವರ ಜೊತೆಗಾರರು 1980ರ ದಶಕದಿಂದ ಬೆಳೆಸಿದ ವಿಧಾನ. ಅದರಲ್ಲಿ ಮೌಲ್ಯ ಬೇರೆ, ಗುರಿ ಬೇರೆ. ನಮ್ಮ ಊರಿನ ಲೆಕ್ಕದಲ್ಲಿ ಹೇಳುವುದಾದರೆ ಹರಿಹರ ಒಂದು ಗುರಿ. ಬಸ್ಸು ಹತ್ತಿ ಇಳಿದರೆ ಮುಗಿಯಿತು. ಪಡುವಣ ಒಂದು ದಿಕ್ಕು. ಎಷ್ಟು ಹೋದರೂ ಅದು ಮುಗಿಯುವುದಿಲ್ಲ. ಮೌಲ್ಯ ಅಂದರೆ ಆ ದಿಕ್ಕು. ದಿಕ್ಕು ಮಗುವಿನದ್ದಾಗಿದ್ದರೆ ದಾರಿಯಲ್ಲಿ ಎಡವಿದರೂ ಮತ್ತೆ ಎದ್ದು ಅದೇ ಕಡೆ ಮುಖ ಮಾಡುತ್ತದೆ.

ಹೇಳಲು ಸುಲಭ. ಹನ್ನೊಂದು ವರ್ಷದ ಹುಡುಗನಿಗೆ 'ನಿನ್ನ ಮೌಲ್ಯ ಏನು' ಎಂದು ಕೇಳಲು ಆಗುತ್ತದಾ? ಇಪ್ಪತ್ತು ಚೀಟಿ ಮಾಡಿದೆ. ಒಂದೊಂದರಲ್ಲಿ ಒಂದೊಂದು ಮಾತು: ಗೆಳೆತನ, ಧೈರ್ಯ, ಆಟ, ಸಹಾಯ, ಹೊಸದು ಕಲಿಯುವುದು, ಹೀಗೆ. ನಿನಗೆ ಬಹಳ ಮುಖ್ಯ ಅನ್ನಿಸಿದ ಐದು ಆರಿಸು ಎಂದೆ. ಅವನು ಆರಿಸಿದ್ದು ವಿದ್ಯೆ, ಶಿಸ್ತು, ಗುರುಹಿರಿಯರಿಗೆ ಗೌರವ, ಸ್ವಚ್ಛತೆ, ದೇಶ. ಎಲ್ಲವೂ ಶಾಲೆಯ ಗೋಡೆ ಮೇಲೆ ಬರೆದಿರುವ ಮಾತುಗಳು. ಮಿಸ್‌ಗೆ ಇಷ್ಟವಾಗುವುದನ್ನು ಆರಿಸಿದ್ದ. ಅವನ ಮುಖ ನೋಡಿದರೆ ಪರೀಕ್ಷೆ ಬರೆದು ಮುಗಿಸಿದ ಹಾಗಿತ್ತು.

ಚೀಟಿ ಎತ್ತಿಟ್ಟೆ. ಪ್ರಶ್ನೆ ಬದಲಿಸಿದೆ. "ನಿನಗೆ ಯಾರ ಮೇಲೆ ಜಾಸ್ತಿ ಸಿಟ್ಟು ಬರುತ್ತೆ?"

ಆಗ ಮಾತು ಬಂತು. ನಿಲ್ಲಲೇ ಇಲ್ಲ. ಬಿಸಿಯೂಟದ ಸಾಲಿನಲ್ಲಿ ನುಗ್ಗುವವರು. ಔಟ್ ಆದರೂ ಬ್ಯಾಟ್ ಕೊಡದವನು. ತಾನು ಮಾಡಿ ಇವನ ಹೆಸರು ಹೇಳುವವನು. ಒಂದು ಕಡೆ ಮಾತು ಮಾತ್ರ ಕೇಳುವ ಮೇಷ್ಟ್ರು.

ಅಷ್ಟರಲ್ಲಿ ತರಗತಿ ಮೇಷ್ಟ್ರು ನನ್ನ ಕೋರಿಕೆಯಂತೆ ಹತ್ತು ಶಾಲಾ ದಿನ ಪ್ರತಿ ಘಟನೆಯನ್ನೂ ಬರೆದಿಟ್ಟಿದ್ದರು. ಅದಕ್ಕೆ ಮೊದಲು ಏನಾಯಿತು, ಹುಡುಗ ಏನು ಮಾಡಿದ, ಆಮೇಲೆ ಏನಾಯಿತು. ಇಷ್ಟೇ ಮೂರು ಕಲಂ. ಒಟ್ಟು 13 ಘಟನೆ. ಅದರಲ್ಲಿ 8 ಆಟದಲ್ಲೋ ಸಾಲಿನಲ್ಲೋ ಯಾರೋ ಮೋಸ ಮಾಡಿದಾಗ, ಇಲ್ಲವೇ ಮೋಸ ಆಯಿತು ಎಂದು ಇವನಿಗೆ ಅನ್ನಿಸಿದಾಗ ಆದವು. 4 ಗಟ್ಟಿಯಾಗಿ ಓದಿಸುವ ಪೀರಿಯಡ್‌ನಲ್ಲಿ. ಒಂದಕ್ಕೆ ಕಾರಣ ಸಿಗಲಿಲ್ಲ.

ನನಗೆ ಈ ಪ್ರಕರಣ ಕಲಿಸಿದ್ದು ಇದನ್ನೇ. ಮಗುವಿನ ಕೆಟ್ಟ ವರ್ತನೆ ಒಂದು ಕಡೆ, ಒಳ್ಳೆಯ ಮೌಲ್ಯ ಇನ್ನೊಂದು ಕಡೆ ಎಂದು ಹುಡುಕುತ್ತಾ ಕೂತಿದ್ದೆ. ಇವನ ಮೌಲ್ಯ ಇವನ ಹೊಡೆತದ ಒಳಗೇ ಕೂತಿತ್ತು.

ಅವನಿಗೆ ಯಾರು ಇಷ್ಟ ಎಂದು ಕೇಳಿದೆ. ಕ್ರಿಕೆಟ್ ಆಟಗಾರರ ಹೆಸರು ಬರುತ್ತದೆ ಅಂದುಕೊಂಡಿದ್ದೆ. "ನಮ್ಮಜ್ಜಿ" ಅಂದ. ಯಾಕೆ? "ನಮ್ಮಜ್ಜಿ ಸೇರು ಅಳೆಯೋವಾಗ ಬೆರಳು ಒಳಗೆ ಇಡಲ್ಲ ಮಿಸ್. ಕೆಲವ್ರು ಹೆಬ್ಬೆರಳು ಒಳಗೆ ಇಟ್ಕೊಂಡು ಅಳೀತಾರೆ. ನಮ್ಮಜ್ಜಿ ತುಂಬಾ ಹಾಕಿ, ಮೇಲೆ ಒಂದು ಹಿಡಿ ಕೊಸರು ಹಾಕ್ತಾರೆ. ಅಳತೆ ಸರಿ ಇರ್ಬೇಕು ಅಲ್ವಾ ಮಿಸ್?"

ಅಳತೆ ಸರಿ ಇರಬೇಕು. ನನ್ನ ಇಪ್ಪತ್ತು ಚೀಟಿಗಳಲ್ಲಿ ಈ ಮಾತು ಇರಲಿಲ್ಲ. 'ನ್ಯಾಯ' ಅಂತ ಒಂದು ಚೀಟಿ ಇತ್ತು, ಅದನ್ನು ಅವನು ಮುಟ್ಟಿಯೂ ನೋಡಿರಲಿಲ್ಲ. ಆ ಪದ ಅವನಿಗೆ ಪುಸ್ತಕದ್ದು. ಸೇರು, ಕೊಸರು ಅವನ ಕೈಯದ್ದು. ಮೌಲ್ಯದ ಹೆಸರನ್ನು ಮಗುವೇ ಇಡಬೇಕು ಎಂದು ಅವತ್ತಿನಿಂದ ನಾನು ಹಟ ಹಿಡಿದಿದ್ದೇನೆ. ಎಷ್ಟೇ ಚೆಂದದ ಪದವಾದರೂ ನಾವು ಕೊಟ್ಟರೆ ಅದು ನಮ್ಮದೇ.

ಇನ್ನೊಂದ್ಸಲ ಅಳೆಯೋಣ

ಮೌಲ್ಯ ಸಿಕ್ಕಿತು ಎಂದರೆ ಹೊಡೆತಕ್ಕೆ ಒಪ್ಪಿಗೆ ಸಿಕ್ಕಿತು ಎಂದಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಏಟು ತಿಂದ ಮಕ್ಕಳೂ ಅದೇ ತರಗತಿಯಲ್ಲಿದ್ದರು. ಅವರ ಅಪ್ಪ ಅಮ್ಮ ಬಂದು ಕೇಳಿದಾಗ ಮೇಷ್ಟ್ರು ಏನು ಉತ್ತರ ಕೊಡಬೇಕು?

ಹುಡುಗನನ್ನು ಕೇಳಿದೆ. "ಗಾಡಿ ಹತ್ರ ಗಿರಾಕಿ ಬಂದು, ಕಮ್ಮಿ ಕೊಟ್ಟೆ ಅಂತ ಜಗಳ ತೆಗೆದ್ರೆ ಅಜ್ಜಿ ಏನ್ ಮಾಡ್ತಾರೆ?"

"ಇನ್ನೊಂದ್ಸಲ ಅಳೀತಾರೆ."

"ಅವನು ಕೂಗಾಡಿದ್ರೆ?"

"ಕೂಗಾಡಿದ್ರೂ ಅಳೀತಾರೆ. ಅವನ ಮುಂದೇನೇ."

"ಹೊಡೆಯಲ್ವಾ?"

ಅವನು ಸ್ವಲ್ಪ ಹೊತ್ತು ಸುಮ್ನೆ ಕೂತ. "ಹೊಡೆದ್ರೆ ಅಳತೆ ಗೊತ್ತಾಗಲ್ಲ" ಅಂದ.

ಅಲ್ಲಿಂದ ಗುರಿ ತಾನಾಗಿ ಬಂತು. ಮೋಸ ಆಯಿತು ಅನ್ನಿಸಿದರೆ ಎರಡು ಹೆಜ್ಜೆ ಹಿಂದೆ ಸರಿಯುವುದು. 'ಇನ್ನೊಂದ್ಸಲ ಅಳೆಯೋಣ' ಎಂದು ಗಟ್ಟಿಯಾಗಿ ಹೇಳುವುದು. ಅಲ್ಲೂ ಬಗೆಹರಿಯದಿದ್ದರೆ ಮೇಷ್ಟ್ರ ಹತ್ತಿರ ಹೋಗಿ 'ಎರಡು ನಿಮಿಷ ನನ್ನ ಮಾತು ಕೇಳಿ' ಎನ್ನುವುದು. ಈ ಮೂರನ್ನೂ ಹೆಣ ಮಾಡಲಾರದು. ನಾವಿಬ್ಬರೂ ಕೋಣೆಯಲ್ಲಿ ಇದನ್ನು ಆಡಿ ಆಡಿ ಅಭ್ಯಾಸ ಮಾಡಿದೆವು. ನಾನು ಔಟ್ ಆಗಿಯೂ ಬ್ಯಾಟ್ ಕೊಡದ ಹುಡುಗನ ಪಾತ್ರ ಮಾಡುತ್ತಿದ್ದೆ. ಮೊದಮೊದಲು ನನ್ನ ಮೇಲೂ ಅವನಿಗೆ ನಿಜವಾಗಿ ಸಿಟ್ಟು ಬರುತ್ತಿತ್ತು. ಅದು ಒಳ್ಳೆಯದೇ ಆಯಿತು, ಸಿಟ್ಟು ಬಂದಾಗ ಬಾಯಿಗೆ ಬಾರದ ಮಾತು ತಣ್ಣಗಿರುವಾಗ ಕಲಿತು ಏನು ಪ್ರಯೋಜನ?

ಗುರಿಯ ಕಡೆ ಎಷ್ಟು ಬಂದೆವು ಎಂದು ಅಳೆಯುವುದಕ್ಕೆ ಗೋಲ್ ಅಟೈನ್‌ಮೆಂಟ್ ಸ್ಕೇಲಿಂಗ್ ಬಳಸಿದೆವು. ಥಾಮಸ್ ಕಿರೆಸುಕ್ ಮತ್ತು ರಾಬರ್ಟ್ ಶೆರ್ಮನ್ 1968ರಲ್ಲಿ ರೂಪಿಸಿದ ವಿಧಾನ. ಒಂದು ಗುರಿಗೆ ಐದು ಮೆಟ್ಟಿಲು, ಮೈನಸ್ 2ರಿಂದ ಪ್ಲಸ್ 2ರ ತನಕ. ನಡುವಿನ ಸೊನ್ನೆ ಅಂದರೆ ನಾವು ನಿರೀಕ್ಷಿಸಿದಷ್ಟು. ಇದರಲ್ಲಿ ನನಗೆ ಹಿಡಿಸುವುದು ಏನೆಂದರೆ ಪಾಸು ಫೇಲು ಇಲ್ಲ. ಹುಡುಗನಿಗೆ ಮೈನಸ್ ಗುರುತು ಇಷ್ಟವಾಗಲಿಲ್ಲ. ಹಾಳೆಯ ಮೇಲೆ ಒಂದು ಸೇರು ಬರೆದು ಐದು ಗೆರೆ ಎಳೆದ. ತಳದ ಗೆರೆ ಇವತ್ತಿನದ್ದು: ಮೋಸ ಅನ್ನಿಸಿದ ಹೆಚ್ಚುಕಮ್ಮಿ ಪ್ರತಿ ಸಲವೂ ಕೈ ಮಾಡುವುದು. ನಡುವಿನ ಗೆರೆ: ಎರಡು ಸಲದಲ್ಲಿ ಒಂದು ಸಲವಾದರೂ 'ಅಳೆಯೋಣ' ಅನ್ನುವುದು. ಸೇರಿನ ಬಾಯಿಗಿಂತ ಮೇಲೆ, ಗುಡ್ಡೆಯ ಹಾಗೆ, ಐದನೇ ಗೆರೆ. ಅದಕ್ಕೆ 'ಕೊಸರು' ಎಂದು ಹೆಸರಿಟ್ಟ. ಬೇರೆಯವರ ಜಗಳದಲ್ಲೂ ಹೋಗಿ 'ಅಳೆಯೋಣ' ಅಂದರೆ ಕೊಸರು.

ಪ್ರತಿ ಶುಕ್ರವಾರ ಅವನೇ ಗೆರೆಗೆ ಬಣ್ಣ ಹಚ್ಚುತ್ತಿದ್ದ. ಮೇಷ್ಟ್ರು ಬೇರೆ ಹಾಳೆಯಲ್ಲಿ ಹಚ್ಚುತ್ತಿದ್ದರು. ಎರಡೂ ತಾಳೆಯಾಗದಿದ್ದರೆ ಕೂತು ಮಾತಾಡುತ್ತಿದ್ದೆವು. ಅದೂ ಇನ್ನೊಂದು ಸಲ ಅಳೆದ ಹಾಗೆಯೇ.

ಮುರಿದ ಕಂಪಾಸ್ ಬಾಕ್ಸ್ ವಿಷಯವನ್ನು ಮೂರನೇ ವಾರ ಎತ್ತಿದೆ. "ಆ ಹುಡುಗನಿಗೆ ಅಳತೆ ಸರಿ ಆಯ್ತಾ?" ಬೇರೆ ಏನೂ ಹೇಳಲಿಲ್ಲ. ಗಾಡಿಯಲ್ಲಿ ಅಜ್ಜಿ ಕೊಡುವ ದುಡ್ಡು ಕೂಡಿಸಿ ಹೊಸ ಬಾಕ್ಸ್ ತಂದುಕೊಟ್ಟ. ಜೊತೆಗೆ ಒಂದು ರಬ್ಬರ್. ಕ್ಷಮೆ ಕೇಳು ಎಂದು ಯಾರೂ ಹೇಳಿರಲಿಲ್ಲ.

ಓದು

ಉಳಿದ ನಾಲ್ಕು ಘಟನೆ ಹಾಗೇ ಇದ್ದವು. ಆಟದ ಜಗಳ ಇಳಿಯುತ್ತಾ ಬಂದರೂ ಓದುವ ಪೀರಿಯಡ್‌ನಲ್ಲಿ ಗಲಾಟೆ ನಿಲ್ಲಲಿಲ್ಲ. ಆಗ ವೈದ್ಯರ ಮಾತು ನೆನಪಾಗಿ ಎರಡನೇ ತರಗತಿಯ ಕನ್ನಡ ಪುಸ್ತಕ ಕೊಟ್ಟು ಓದಿಸಿದೆ. ಒತ್ತಕ್ಷರ ಬಂದ ಕಡೆಯೆಲ್ಲ ನಿಂತುಬಿಟ್ಟ.

ಇವನು ಎರಡನೇ ತರಗತಿಗೆ ಬರುವ ಹೊತ್ತಿಗೆ ಕೊರೊನಾ. ರಾಜ್ಯದಲ್ಲಿ 1ರಿಂದ 5ನೇ ತರಗತಿಗಳು ಮತ್ತೆ ಶುರುವಾಗಿದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟರಲ್ಲಿ ಇವನು ಮೂರನೇ ತರಗತಿ. ಒತ್ತಕ್ಷರ ಕಲಿಯುವ ವರ್ಷ ಪೂರ್ತಿ ಮನೆಯಲ್ಲೇ ಕಳೆದಿತ್ತು. ಮನೆಯಲ್ಲಿದ್ದ ಒಂದೇ ಮೊಬೈಲ್ ಅಪ್ಪನ ಜೊತೆ ಭಟ್ಟಿಗೆ ಹೋಗುತ್ತಿತ್ತು.

ಈಗ ಮೇಷ್ಟ್ರ ಮೂರು ಕಲಂ ಮತ್ತೆ ನೋಡಿದರೆ ಎಲ್ಲ ಸ್ಪಷ್ಟ. ಓದುವ ಸರದಿ ಹತ್ತಿರ ಬರುತ್ತದೆ. ಪಕ್ಕದವನಿಗೆ ಗುದ್ದುತ್ತಾನೆ. ಹೊರಗೆ ನಿಲ್ಲಿಸುತ್ತಾರೆ. ಸರದಿ ತಪ್ಪುತ್ತದೆ. ಎಲ್ಲರ ಮುಂದೆ ತಡವರಿಸುವುದಕ್ಕಿಂತ ಹೊರಗೆ ನಿಲ್ಲುವುದು ಅವನಿಗೆ ವಾಸಿ. ಶಿಕ್ಷೆ ಅಂದುಕೊಂಡು ನಾವು ಅವನಿಗೆ ಬೇಕಾದ್ದನ್ನೇ ಕೊಡುತ್ತಿದ್ದೆವು.

ಮೌಲ್ಯ ಗೊತ್ತಾದ ಮಾತ್ರಕ್ಕೆ ಓದಲು ಬರುವುದಿಲ್ಲ. ಇದಕ್ಕೆ ಪಾಠವೇ ಬೇಕು. ದಿನಾ ಮಧ್ಯಾಹ್ನ ಇಪ್ಪತ್ತು ನಿಮಿಷ ಒಬ್ಬ ಟೀಚರ್ ಒತ್ತಕ್ಷರದಿಂದ ಶುರು ಮಾಡಿದರು. ತರಗತಿಯಲ್ಲಿ ದಿಢೀರ್ ಎಂದು ಓದಿಸುವುದನ್ನು ನಿಲ್ಲಿಸಿದರು. ನಾಳೆ ಓದಬೇಕಾದ ಐದು ಸಾಲು ಇವತ್ತೇ ಅವನಿಗೆ ಗೊತ್ತಿರುತ್ತಿತ್ತು. ಪಿಟಿ ಮೇಷ್ಟ್ರು ಖೋ ಖೋ, ಕ್ರಿಕೆಟ್‌ಗೆ ಅವನನ್ನು ಸ್ಕೋರರ್ ಮಾಡಿದರು. ಅಳತೆ ಇಷ್ಟಪಡುವ ಹುಡುಗನಿಗೆ ಅದು ಹೇಳಿ ಮಾಡಿಸಿದ ಕೆಲಸ. ಹೆಸರು ಬರೆಯಬೇಕು, ಬರೆದದ್ದನ್ನು ಓದಿ ಹೇಳಬೇಕು. ಒತ್ತಕ್ಷರದ ಹೆಸರಿನವರು ಎರಡೂ ತಂಡದಲ್ಲಿ ಬೇಕಾದಷ್ಟು ಇದ್ದರು.

ಒಂದು ಮಾತನ್ನು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಏನೇ ತಪ್ಪು ಮಾಡಿದರೂ ಸ್ಕೋರ್ ಪುಸ್ತಕ ಕಿತ್ತುಕೊಳ್ಳಬಾರದು. ಅದನ್ನೂ ಸ್ಟಾರ್‌ನ ಹಾಗೆ ಬಳಸಿದರೆ ಮತ್ತೆ ಹಳೆಯ ಚಾರ್ಟ್‌ಗೇ ಬಂದು ನಿಲ್ಲುತ್ತೇವೆ.

ಅಪ್ಪ

ಅಪ್ಪ ಒಂದು ಭಾನುವಾರ ಬಂದರು. ಉಪ್ಪುನೀರಿನ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುವ ಕೆಲಸ. ಬೆಳಗಿನ ಜಾವ ಹೋದರೆ ಸಂಜೆ ತನಕ ಬೆಂಕಿ ಮುಂದೆ. ಶಾಲೆಯಿಂದ ದೂರು ಬಂದ ದಿನ ಮಗನಿಗೆ ಹೊಡೆಯುತ್ತಿದ್ದರು. ಅದನ್ನು ಮುಚ್ಚಿಡಲಿಲ್ಲ. ಮಗುವಿನ ಮೈಮೇಲೆ ಗಾಯ ಇದ್ದಿದ್ದರೆ, ಮನೆಯಲ್ಲಿ ಅವನಿಗೆ ಭಯ ಇದ್ದಿದ್ದರೆ ನನ್ನ ಮೊದಲ ಹೆಜ್ಜೆಯೇ ಬೇರೆ ಇರುತ್ತಿತ್ತು. ಅಂಥ ಕಡೆ ಮೌಲ್ಯದ ಮಾತು ಆಮೇಲೆ, ಮೊದಲು ಮಗುವಿನ ರಕ್ಷಣೆ. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕೇ. ಇಲ್ಲಿ ಹಾಗಿರಲಿಲ್ಲ ಎಂದು ಖಚಿತ ಮಾಡಿಕೊಂಡೇ ಮುಂದೆ ಹೋದೆ.

"ನೀವು ಎಂಥ ಅಪ್ಪ ಆಗಬೇಕು ಅಂತ ಆಸೆ ಇದೆ?" ಎಂದು ಕೇಳಿದೆ. ಅವರನ್ನು ಹಾಗೆ ಯಾರೂ ಕೇಳಿರಲಿಲ್ಲ ಅನಿಸುತ್ತದೆ. ಬಹಳ ಹೊತ್ತು ಕೈ ನೋಡಿಕೊಂಡು ಕೂತರು. "ನಾನು ಬಂದ ಸಪ್ಪಳ ಕೇಳಿದ್ರೆ ಅವ್ನು ಎದ್ದು ಹೋಗ್ಬಾರ್ದ್ರಿ. ನಮ್ಮಪ್ಪ ಬಂದ್ರೆ ನಾನು ಹೋಗ್ತಿದ್ದೆ."

ಅವರ ಗುರಿ ಒಂದೇ. ದೂರು ಬಂದ ದಿನ ಮೊದಲು ಮಗನ ಮಾತು ಕೇಳುವುದು, ಆಮೇಲೆ ಮಾತಾಡುವುದು. ಮಗನಿಗೆ ಮಾತ್ರ ಗುರಿ ಬರೆದು ದೊಡ್ಡವರು ಹಾಗೇ ಇದ್ದರೆ ಆ ಅಳತೆ ಸರಿಯಲ್ಲ, ಅದು ಹುಡುಗನಿಗೆ ನಮಗಿಂತ ಬೇಗ ಗೊತ್ತಾಗುತ್ತದೆ.

ಮೇಷ್ಟ್ರನ್ನೂ ಕೇಳಿದೆ. "ನನ್ನ ಕ್ಲಾಸಲ್ಲಿ ಯಾವ ಮಗೂನೂ ಹೆದರ್ಕೊಂಡು ಕೂರಬಾರ್ದು ಮೇಡಂ" ಅಂದರು. ಅವರು ಇವನ ಮೇಲೆ ಸಿಟ್ಟಾಗುತ್ತಿದ್ದದ್ದೂ ಈ ಮೌಲ್ಯದಿಂದಲೇ. ಇಬ್ಬರ ಮೌಲ್ಯವೂ ಒಂದೇ ಬೀದಿಯದ್ದು ಎಂದು ತಿಳಿದ ಮೇಲೆ ಎರಡು ನಿಮಿಷ ಕೇಳುವುದು ಅವರಿಗೆ ಭಾರ ಅನ್ನಿಸಲಿಲ್ಲ.

ಒಡೆದ ಕಿಟಕಿ

ದಸರಾ ರಜೆ ಮುಗಿದ ಮೇಲೆ, ನವೆಂಬರ್‌ನಲ್ಲಿ, ಮೇಷ್ಟ್ರು ಹದಿನೈದು ದಿನ ತರಬೇತಿಗೆ ಹೋದರು. ಬದಲಿಗೆ ಬಂದವರಿಗೆ ಈ ಏರ್ಪಾಡು ಗೊತ್ತಿರಲಿಲ್ಲ. ಅವರಿಗೆ ಹೇಳಿಟ್ಟಿರಲಿಲ್ಲ, ಆ ತಪ್ಪು ನನ್ನದು. ಎರಡನೇ ದಿನವೇ ಹುಡುಗನನ್ನು ಎಬ್ಬಿಸಿ ಓದಲು ಹೇಳಿದರು. ತಡವರಿಸಿದ. ಎಲ್ಲರೂ ನಕ್ಕರು. ಇವನು ಡಸ್ಟರ್ ಎತ್ತಿ ಒಗೆದ. ಕಿಟಕಿ ಗಾಜು ಒಡೆಯಿತು.

ಟಿಸಿ ಮಾತು ಮತ್ತೆ ಎದ್ದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ತೆಗೆದುಹಾಕುವಂತಿಲ್ಲ. 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅದನ್ನು ಸೌಮ್ಯವಾಗಿಯೇ ಹೇಳಿದೆ. ಆದರೆ ಕಾಯ್ದೆ ತೋರಿಸಿ ಮಗುವನ್ನು ಶಾಲೆಯೊಳಗೆ ಉಳಿಸಬಹುದು ಅಷ್ಟೇ, ಯಾರ ಮನಸ್ಸಿನಲ್ಲೂ ಉಳಿಸಲಾಗದು. ಅದಕ್ಕೆ ಬೇರೆಯದೇ ಬೇಕಿತ್ತು.

ಹುಡುಗ ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ಸೇರಿನ ಹಾಳೆ ತೆಗೆದು ಎಲ್ಲ ಗೆರೆಗೂ ಅಡ್ಡ ಗೀಟು ಹಾಕಿದ. "ಖಾಲಿ ಆಯ್ತು ಮಿಸ್." ನಾನು ಹೊಸ ಹಾಳೆ ಕೊಡಲಿಲ್ಲ. ಗಾಡಿ ಹತ್ರ ಸೇರು ಖಾಲಿಯಾದ ಮೇಲೆ ಏನ್ ಮಾಡ್ತೀರಿ ಎಂದೂ ಕೇಳಲಿಲ್ಲ. ಬಾಯಿಗೆ ಬಂದಿತ್ತು, ತಡೆದುಕೊಂಡೆ. ಅವನ ಮಾತನ್ನೇ ಅವನ ಮೇಲೆ ತಿರುಗಿಸುವುದು ಆ ಹೊತ್ತಿಗೆ ಸರಿ ಅನ್ನಿಸಲಿಲ್ಲ. ಸುಮ್ನೆ ಜೊತೆಗೆ ಕೂತೆ. ಮರುವಾರ ಅವನೇ ಬಂದು ಗಾಜಿಗೆ ಎಷ್ಟಾಗುತ್ತದೆ ಎಂದು ಕೇಳಿದ. ಅರ್ಧ ಅವನು, ಅರ್ಧ ಅವನ ಅಪ್ಪ ಎಂದು ಮನೆಯಲ್ಲಿ ಮಾತಾಗಿತ್ತಂತೆ. ಆ ಸಲ ಅಪ್ಪ ಹೊಡೆದಿರಲಿಲ್ಲ. ಡಿಸೆಂಬರ್‌ನಲ್ಲಿ ಬೇರೆ ಒಂದು ವಿಷಯಕ್ಕೆ ಹೊಡೆದರು, ಬಂದು ತಾವೇ ಹೇಳಿದರು.

ಸ್ಕೋರ್ ಪುಸ್ತಕ ಆ ಹದಿನೈದು ದಿನವೂ ಅವನ ಕೈಯಲ್ಲೇ ಇತ್ತು. ಪಿಟಿ ಮೇಷ್ಟ್ರು ಕೊಟ್ಟ ಮಾತು ಉಳಿಸಿಕೊಂಡರು. ಹುಡುಗ ವಾಪಸ್ ಬಂದದ್ದಕ್ಕೆ ಅದೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

2025ರ ಫೆಬ್ರವರಿಯಲ್ಲಿ ಮತ್ತೆ ಹತ್ತು ದಿನ ಬರೆದಿಟ್ಟೆವು. 13 ಇದ್ದ ಘಟನೆ 4ಕ್ಕೆ ಬಂದಿತ್ತು. ಒಂದರಲ್ಲಿ ಮಾತ್ರ ಕೈ ಮಾಡಿದ್ದ. ಸೇರಿನಲ್ಲಿ ಬಣ್ಣ ನಾಲ್ಕನೇ ಗೆರೆಯ ಹತ್ತಿರ ನಿಂತಿತ್ತು. ಕೊಸರು ಎರಡೇ ವಾರ ಸಿಕ್ಕಿತು. ಮೂರನೇ ತರಗತಿಯ ಪಾಠ ಈಗ ತಡವರಿಸದೆ ಓದುತ್ತಾನೆ. ಆರನೆಯದು ಇನ್ನೂ ದೂರ ಇದೆ. ಸಿಟ್ಟು ಬಂದಾಗ ಕಿವಿ ಕೆಂಪಾಗುವುದು ಹಾಗೇ ಇದೆ.

ಏಳನೇ ತರಗತಿಗೆ ಹೊಸ ಮೇಷ್ಟ್ರು ಬರುತ್ತಾರೆ. ನವೆಂಬರ್‌ನ ತಪ್ಪು ಮತ್ತೆ ಆಗಬಾರದೆಂದು ಅವರಿಗೆ ಒಂದು ಪತ್ರ ಬರೆದಿಡೋಣ ಎಂದೆ. ಹುಡುಗ ನನ್ನ ಪೆನ್ ತೆಗೆದುಕೊಂಡು ತಾನೇ ಮೂರು ಸಾಲು ಬರೆದ. ಎರಡು ಸಾಲು ಎಲ್ಲರ ಮಾತೂ ಕೇಳಿ ಎನ್ನುವುದರ ಬಗ್ಗೆ. ಮೂರನೆಯದು, ಓದಲು ಹೇಳುವ ಹಿಂದಿನ ದಿನವೇ ಹೇಳಿ ಎಂದು. 'ದಿವಸ'ದಲ್ಲಿ ಗುಣಿತ ತಪ್ಪಿತ್ತು. ನಾನು ತಿದ್ದಲಿಲ್ಲ.

ಜೂನ್‌ನಲ್ಲಿ ನಾನೇ ಬಂದು ಕೊಡ್ತೀನಿ ಎಂದೆ.

"ಬೇಡ ಮಿಸ್. ನಾನೇ ಕೊಡ್ತೀನಿ" ಅಂದು ಮಡಚಿ ಜೇಬಿಗೆ ಹಾಕಿಕೊಂಡ. ಗಾಡಿಗೆ ಹೊತ್ತಾಗಿತ್ತು.